ಈಜೆಬೆಲ್ ಮಾಡಿದ್ದೇನು, ಅವಳ ಹೆಸರು ಹೊತ್ತಿದ್ದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಬೈಗುಳದಿಂದ ಶುರು ಮಾಡೋಣ.

ನಮ್ಮ ಕಡೆ ಮನೆ ಒಡೆಯೋ ಮಾತಾಡುವ ಹೆಂಗಸಿಗೆ ಮಂಥರೆ ಅಂತಾರೆ. ಅಂದವರು ರಾಮಾಯಣ ಓದಿರಬೇಕು ಅಂತೇನಿಲ್ಲ. ಅನ್ನಿಸಿಕೊಂಡವರಿಗೂ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಬೈಗುಳವಾದ ಮೇಲೆ ಮೂಲ ಕಥೆಯ ಅಗತ್ಯವೇ ಇರುವುದಿಲ್ಲ. ಹಾಗಾದಾಗ ಒಂದು ತಮಾಷೆ ನಡೆಯುತ್ತೆ. ಕಥೆಯಲ್ಲಿ ಇಲ್ಲದ್ದೆಲ್ಲ ನಿಧಾನವಾಗಿ ಆ ಹೆಸರಿಗೆ ಅಂಟಿಕೊಳ್ಳುತ್ತೆ, ಇರೋದು ಉದುರಿ ಹೋಗುತ್ತೆ.

ಇಂಗ್ಲಿಷ್‌ನಲ್ಲಿ ಅಂಥ ಒಂದು ಹೆಸರು ಜೆಜೆಬೆಲ್. ಕನ್ನಡ ಬೈಬಲ್‌ನಲ್ಲಿ ಈಕೆ ಈಜೆಬೆಲ್. ಇಂಗ್ಲಿಷ್ ನಿಘಂಟು ತೆಗೆದು ನೋಡಿದರೆ ನಾಚಿಕೆಗೆಟ್ಟವಳು, ಬಣ್ಣ ಬಳಿದುಕೊಂಡು ಗಂಡಸರನ್ನು ಬಲೆಗೆ ಹಾಕಿಕೊಳ್ಳುವವಳು, ಹೀಗೇ ಅರ್ಥ ಸಿಗುತ್ತೆ. ಸರಿ, ಹಾಗಾದರೆ ಬೈಬಲ್‌ನಲ್ಲಿ ಆಕೆ ಯಾವ ಗಂಡಸನ್ನು ಬಲೆಗೆ ಹಾಕಿಕೊಂಡಳು? ಯಾರನ್ನೂ ಇಲ್ಲ. ಒಬ್ಬನೇ ಗಂಡ, ಅವನು ಸತ್ತ ಮೇಲೂ ಇನ್ನೊಬ್ಬ ಗಂಡಸಿನ ಸುದ್ದಿ ಬರುವುದಿಲ್ಲ. ಆಕೆಯ ಮೇಲೆ ಗ್ರಂಥ ಹೊರಿಸುವ ಆರೋಪ ಬೇರೆ. ನನ್ನ ಪ್ರಕಾರ ಅದು ನಿಘಂಟಿನ ಆರೋಪಕ್ಕಿಂತ ಎಷ್ಟೋ ಭಯಂಕರವಾದದ್ದು. ಆದರೆ ಅದನ್ನೇ ಜನ ಮರೆತಿದ್ದಾರೆ.

ಮೊದಲು ಸ್ವಲ್ಪ ಹಿನ್ನೆಲೆ. ನಾವು ಮಾತಾಡ್ತಿರೋದು ಕ್ರಿಸ್ತಪೂರ್ವ 9ನೇ ಶತಮಾನದ ಬಗ್ಗೆ. ಆಗ ಉತ್ತರದಲ್ಲಿ ಇಸ್ರಾಯೇಲ್ ಅನ್ನೋ ರಾಜ್ಯ, ಅದಕ್ಕೆ ಸಮಾರ್ಯ ರಾಜಧಾನಿ. ದಕ್ಷಿಣದಲ್ಲಿ ಯೆಹೂದ, ಅದಕ್ಕೆ ಯೆರೂಸಲೇಮ್. ಉತ್ತರದ ರಾಜ ಅಹಾಬ. ಇವನು ಬರೀ ಕಥೆಯ ರಾಜ ಅಲ್ಲ. ಕ್ರಿಸ್ತಪೂರ್ವ 853ರಲ್ಲಿ ಕರ್ಕರ್ ಅನ್ನೋ ಜಾಗದಲ್ಲಿ ಅಸ್ಸೀರಿಯದ ದೊರೆ ಮೂರನೇ ಶಲ್ಮನೇಸರನ ವಿರುದ್ಧ ನಿಂತ ರಾಜರ ಪಟ್ಟಿಯಲ್ಲಿ ಇವನ ಹೆಸರಿದೆ, 2,000 ರಥ ಮತ್ತು 10,000 ಕಾಲಾಳುಗಳ ಸಮೇತ. ಆ ಶಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸಂಖ್ಯೆ ಸ್ವಲ್ಪ ಉಬ್ಬಿಸಿರಬಹುದು, ಗೆದ್ದೆ ಅಂತ ಬರೆಸುವ ರಾಜರು ಶತ್ರುವಿನ ಸೈನ್ಯ ದೊಡ್ಡದಿತ್ತು ಅಂತಲೇ ಬರೆಸುತ್ತಾರೆ. ಆದರೂ ಅಹಾಬ ಆ ಕಾಲದ ದೊಡ್ಡ ರಾಜರಲ್ಲಿ ಒಬ್ಬ ಅನ್ನೋದಕ್ಕೆ ಅಷ್ಟು ಸಾಕು.

ಈಜೆಬೆಲ್ ಸೀದೋನಿನ ರಾಜ ಎತ್ಬಾಳನ ಮಗಳು. ಸೀದೋನ್ ಅಂದ್ರೆ ಇವತ್ತಿನ ಲೆಬನಾನ್ ಕರಾವಳಿಯ ಸೈದಾ ಪಟ್ಟಣ. ಹಡಗು, ವ್ಯಾಪಾರ, ದಂತದ ಕೆತ್ತನೆ, ನೇರಳೆ ಬಣ್ಣದ ಬಟ್ಟೆ, ಎಲ್ಲದರಲ್ಲೂ ಅವರು ಮುಂದು. ಇಸ್ರಾಯೇಲಿಗೆ ಬಂದರು ಬೇಕು, ಸೀದೋನಿಗೆ ಧಾನ್ಯ ಮತ್ತು ಎಣ್ಣೆ ಬೇಕು. ಹಾಗಾಗಿ ಈ ಮದುವೆ ಒಂದು ಒಪ್ಪಂದ. ಗಂಡನ ಮನೆಗೆ ಬಂದ ರಾಜಕುಮಾರಿ ತವರಿನ ದೇವರನ್ನೂ ಜೊತೆಗೆ ತಂದಳು. ಅಹಾಬ ಸಮಾರ್ಯದಲ್ಲಿ ಬಾಳ ಅನ್ನೋ ದೇವರಿಗೆ ಗುಡಿ ಕಟ್ಟಿಸಿಕೊಟ್ಟ. ಬಾಳ ಮಳೆಯ ದೇವರು, ಬೆಳೆಯ ದೇವರು.

ಇಲ್ಲಿಂದ ಜಗಳ ಶುರು. ಇಸ್ರಾಯೇಲಿನ ದೇವರು ಯೆಹೋವ, ಆತನನ್ನು ಬಿಟ್ಟು ಬೇರೆ ಯಾರಿಗೂ ಪೂಜೆ ಸಲ್ಲಬಾರದು ಅಂತ ನಂಬಿದ ಪ್ರವಾದಿಗಳು ಒಂದು ಕಡೆ, ರಾಣಿಯ ಅರಮನೆ ಇನ್ನೊಂದು ಕಡೆ. ಒಂದನೇ ಅರಸುಗಳು ಗ್ರಂಥದ ಪ್ರಕಾರ ಈಜೆಬೆಲ್ ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದಳು. ಅರಮನೆಯ ಅಧಿಕಾರಿ ಓಬದ್ಯ ಗುಟ್ಟಾಗಿ ನೂರು ಜನ ಪ್ರವಾದಿಗಳನ್ನು ಐವತ್ತೈವತ್ತರಂತೆ ಗುಹೆಗಳಲ್ಲಿ ಅಡಗಿಸಿಟ್ಟು ಅನ್ನ ನೀರು ಕೊಟ್ಟ. ಇತ್ತ ಬಾಳನ 450 ಪ್ರವಾದಿಗಳು, ಅಶೇರ ದೇವಿಯ 400 ಪ್ರವಾದಿಗಳು ರಾಣಿಯ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಆಮೇಲೆ ಕರ್ಮೆಲ್ ಬೆಟ್ಟದಲ್ಲಿ ಪ್ರವಾದಿ ಎಲೀಯ ಸವಾಲು ಹಾಕಿ ಗೆದ್ದ, ಬಾಳನ ಪ್ರವಾದಿಗಳನ್ನು ಹಿಡಿಸಿ ಕೀಷೋನ್ ಹಳ್ಳದ ಹತ್ತಿರ ಕೊಲ್ಲಿಸಿದ. ಎರಡೂ ಕಡೆ ರಕ್ತ ಹರಿದಿದೆ. ಬರೆದವರು ಎಲೀಯನ ಕಡೆಯವರು, ಹಾಗಾಗಿ ಒಂದು ಕೊಲೆ ಪಾಪ, ಇನ್ನೊಂದು ಜಯ.

ಬರೆದವರು ಯಾರು ಅನ್ನೋದು ಮುಖ್ಯ. ಅರಸುಗಳು ಗ್ರಂಥ ಈಗಿನ ರೂಪಕ್ಕೆ ಬಂದದ್ದು ಬಹಳ ಮಟ್ಟಿಗೆ ಕ್ರಿಸ್ತಪೂರ್ವ 7 ಮತ್ತು 6ನೇ ಶತಮಾನದಲ್ಲಿ, ದಕ್ಷಿಣದ ಯೆಹೂದದವರ ಕೈಯಲ್ಲಿ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅಷ್ಟರಲ್ಲಿ ಉತ್ತರದ ರಾಜ್ಯ ಅಸ್ಸೀರಿಯದ ಪಾಲಾಗಿ ಕಾಲವಾಗಿತ್ತು. ದಕ್ಷಿಣವೂ ಬಾಬೆಲಿನ ಕೈಗೆ ಬಿತ್ತು. ಬರೆಯುವವರ ಎದುರಿಗಿದ್ದ ಪ್ರಶ್ನೆ ಒಂದೇ: ನಮಗೆ ಯಾಕೆ ಹೀಗಾಯ್ತು? ಅವರು ಕಂಡುಕೊಂಡ ಉತ್ತರ, ನಾವು ಬೇರೆ ದೇವರುಗಳ ಹಿಂದೆ ಹೋದೆವು ಅಂತ. ಆ ಉತ್ತರಕ್ಕೆ ಒಂದು ಮುಖ ಬೇಕಿತ್ತು. ಪರದೇಶದಿಂದ ಬಂದ ರಾಣಿ ಸಿಕ್ಕಳು.

ಒಂದು ಸಣ್ಣ ವಿಷಯ ಗಮನಿಸಿ. ಅಹಾಬನ ಇಬ್ಬರು ಗಂಡುಮಕ್ಕಳ ಹೆಸರು ಅಹಜ್ಯ ಮತ್ತು ಯೋರಾಮ. ಎರಡರಲ್ಲೂ ಯೆಹೋವನ ಹೆಸರಿನ ತುಣುಕು ಸೇರಿಕೊಂಡಿದೆ. ಯೆಹೋವನನ್ನು ದೇಶದಿಂದಲೇ ಓಡಿಸಲು ಹೊರಟ ಮನೆಯಲ್ಲಿ ಮಕ್ಕಳಿಗೆ ಇಂಥ ಹೆಸರು ಇಡ್ತಾರಾ? ಅರಮನೆಯಲ್ಲಿ ಎರಡೂ ದೇವರಿಗೆ ಜಾಗ ಇತ್ತು ಅನ್ನಿಸುತ್ತೆ. ಎರಡಕ್ಕೆ ಜಾಗ ಇದ್ದದ್ದೇ ಪ್ರವಾದಿಗಳ ಕಣ್ಣಿಗೆ ಅಪರಾಧ.

ಈಗ ನಿಜವಾದ ಕೇಸಿಗೆ ಬರೋಣ. ಅದು ನಾಬೋತನ ದ್ರಾಕ್ಷಿತೋಟದ ಕೇಸು, ಒಂದನೇ ಅರಸುಗಳು 21ನೇ ಅಧ್ಯಾಯ.

ಇಜ್ರೇಲ್ ಅನ್ನೋ ಊರಲ್ಲಿ ಅಹಾಬನಿಗೆ ಇನ್ನೊಂದು ಅರಮನೆ. ಪಕ್ಕದಲ್ಲೇ ನಾಬೋತ ಅನ್ನೋನ ದ್ರಾಕ್ಷಿತೋಟ. ರಾಜನಿಗೆ ಆ ಜಾಗದಲ್ಲಿ ತರಕಾರಿ ಬೆಳೆಸೋ ಆಸೆ. ಕೇಳಿದ್ದು ಮರ್ಯಾದೆಯಿಂದಲೇ: ಬದಲಿಗೆ ಇದಕ್ಕಿಂತ ಒಳ್ಳೆ ತೋಟ ಕೊಡ್ತೀನಿ, ಬೇಡವಾದರೆ ದುಡ್ಡು ಕೊಡ್ತೀನಿ ಅಂದ. ನಾಬೋತ ಆಗಲ್ಲ ಅಂದ. ಅದು ಪಿತ್ರಾರ್ಜಿತ, ಅಪ್ಪ ತಾತಂದಿರ ಭೂಮಿ. ಇಸ್ರಾಯೇಲಿನ ಕಟ್ಟಳೆಯ ಪ್ರಕಾರ ಭೂಮಿ ದೇವರದ್ದು, ಕುಟುಂಬ ಅದನ್ನು ಕಾಯುವುದಷ್ಟೇ, ಶಾಶ್ವತವಾಗಿ ಮಾರುವಂತಿಲ್ಲ. ರಾಜನೂ ಆ ಕಟ್ಟಳೆಗಿಂತ ದೊಡ್ಡವನಲ್ಲ.

ಅಹಾಬ ಏನು ಮಾಡಿದ? ಮನೆಗೆ ಬಂದು ಹಾಸಿಗೆ ಮೇಲೆ ಬಿದ್ದುಕೊಂಡು, ಗೋಡೆ ಕಡೆ ಮುಖ ತಿರುಗಿಸಿ, ಊಟ ಬೇಡ ಅಂದ. ಎರಡು ಸಾವಿರ ರಥಗಳ ಒಡೆಯ ಮಗು ಥರ ಮುನಿಸಿಕೊಂಡ. ಗ್ರಂಥ ಬರೆದವರಿಗೆ ಹಾಸ್ಯ ಗೊತ್ತಿತ್ತು, ಆ ಚಿತ್ರವನ್ನು ಬೇಕಂತಲೇ ಇಟ್ಟಿದ್ದಾರೆ. ಆಗ ಈಜೆಬೆಲ್ ಒಳಗೆ ಬಂದಳು. ವಿಷಯ ಕೇಳಿದಳು. ಈ ದೇಶದ ರಾಜ ನೀನಾ ಅಲ್ವಾ ಅನ್ನೋ ಧಾಟಿಯಲ್ಲಿ ಚುಚ್ಚಿದಳು, ಎದ್ದು ಊಟ ಮಾಡು, ತೋಟ ನಾನು ಕೊಡಿಸ್ತೀನಿ ಅಂದಳು.

ಮುಂದಿನದ್ದನ್ನು ನಿಧಾನವಾಗಿ ಕೇಳಿ. ಆಕೆ ಸೈನಿಕರನ್ನು ಕಳಿಸಲಿಲ್ಲ, ವಿಷ ಹಾಕಲಿಲ್ಲ, ಯಾರ ಜೊತೆಗೂ ಮಲಗಲಿಲ್ಲ. ಪತ್ರ ಬರೆದಳು. ಗಂಡನ ಹೆಸರಲ್ಲಿ ಬರೆದು, ಗಂಡನ ಮುದ್ರೆ ಒತ್ತಿ, ಇಜ್ರೇಲಿನ ಹಿರಿಯರಿಗೂ ಗಣ್ಯರಿಗೂ ಕಳಿಸಿದಳು. ಊರಿಗೆ ಉಪವಾಸ ಸಾರಿರಿ, ಅಂದ್ರೆ ಊರಿಗೇನೋ ದೊಡ್ಡ ಪಾಪ ತಟ್ಟಿದೆ ಅನ್ನೋ ವಾತಾವರಣ ಮಾಡಿರಿ. ನಾಬೋತನನ್ನು ಎಲ್ಲರ ಮುಂದೆ ಕೂರಿಸಿರಿ. ಎದುರಿಗೆ ಇಬ್ಬರು ಪುಂಡರನ್ನು ಕೂರಿಸಿ, ಇವನು ದೇವರನ್ನೂ ರಾಜನನ್ನೂ ದೂಷಿಸಿದ ಅಂತ ಹೇಳಿಸಿರಿ. ಆಮೇಲೆ ಊರ ಹೊರಗೆ ಒಯ್ದು ಕಲ್ಲೆಸೆದು ಕೊಲ್ಲಿರಿ.

ಯಾಕೆ ಇಬ್ಬರು? ಮರಣದಂಡನೆಗೆ ಕನಿಷ್ಠ ಇಬ್ಬರು ಸಾಕ್ಷಿ ಬೇಕು ಅಂತ ಮೋಶೆಯ ಕಟ್ಟಳೆ ಹೇಳುತ್ತೆ. ನೋಡಿ ಎಂಥ ತಲೆ! ಪರದೇಶದ ರಾಣಿ, ಬೇರೆ ದೇವರ ಭಕ್ತೆ, ಆದರೆ ಈ ನೆಲದ ಕಾನೂನನ್ನು ಅಕ್ಷರಶಃ ಓದಿಕೊಂಡಿದ್ದಾಳೆ. ಕಾನೂನು ಮುರಿಯದೆ ಕಾನೂನಿನಿಂದಲೇ ಕೊಲ್ಲಿಸಿದಳು. ನಾಬೋತ ಸತ್ತ. ಎರಡನೇ ಅರಸುಗಳು ಗ್ರಂಥದಲ್ಲಿ ಬರುವ ಒಂದು ಮಾತಿನ ಪ್ರಕಾರ ಅವನ ಗಂಡುಮಕ್ಕಳೂ ಸತ್ತರು. ವಾರಸುದಾರರು ಇಲ್ಲದ ಮೇಲೆ ತೋಟಕ್ಕೆ ತಕರಾರು ಮಾಡುವವರು ಯಾರು?

ಇದು ಆಕೆಯ ಮೇಲಿನ ಆರೋಪ. ಅಧಿಕಾರದ ಮುದ್ರೆ ಬಳಸಿ, ಸುಳ್ಳು ಸಾಕ್ಷಿ ಕಟ್ಟಿ, ಧರ್ಮದ ಹೆಸರಲ್ಲಿ ವಿಚಾರಣೆ ನಡೆಸಿ, ಜಮೀನು ಬಿಟ್ಟುಕೊಡದ ಒಬ್ಬ ಪ್ರಜೆಯನ್ನು ತೆಗೆದದ್ದು. ಇಂಥ ಕಥೆ ಅರ್ಥವಾಗೋಕೆ ಯಾರೂ ಬೈಬಲ್ ಪಂಡಿತರಾಗಬೇಕಿಲ್ಲ.

ಈ ಕಥೆಯಲ್ಲಿ ಇನ್ನೊಂದು ಗುಂಪು ಇದೆ. ಊರಿನ ಹಿರಿಯರು. ನಾಬೋತನ ನೆರೆಯವರು. ಪತ್ರ ಬಂತು, ಓದಿದರು, ಹೇಳಿದ ಹಾಗೆ ಮಾಡಿದರು, ಕೆಲಸ ಮುಗಿಯಿತು ಅಂತ ರಾಣಿಗೆ ವರದಿ ಕಳಿಸಿದರು. ಒಬ್ಬನೂ ತುಟಿ ಬಿಚ್ಚಿದ್ದು ಗ್ರಂಥದಲ್ಲಿಲ್ಲ. ಗಮನಿಸಿ, ವರದಿ ಹೋದದ್ದು ರಾಜನಿಗಲ್ಲ, ರಾಣಿಗೆ. ಅಂದ್ರೆ ಪತ್ರ ಯಾರದ್ದು ಅಂತ ಅವರಿಗೆ ಗೊತ್ತಿತ್ತು. ಜೆಜೆಬೆಲ್ ಅನ್ನೋ ಪದವನ್ನು ಬಣ್ಣ ಬಳಿದ ಹೆಂಗಸಿಗೆ ಮೀಸಲಿಟ್ಟುಬಿಟ್ಟರೆ ಮೊದಲು ತಪ್ಪಿಸಿಕೊಳ್ಳುವವರು ಇವರೇ.

ಗಂಡ ಅಹಾಬನೂ ಅರ್ಧ ತಪ್ಪಿಸಿಕೊಂಡ. ಎಲೀಯ ಬಂದು ಶಾಪ ಹಾಕಿದಾಗ ಗೋಣಿತಟ್ಟು ಉಟ್ಟು ಉಪವಾಸ ಮಾಡಿದ. ಶಿಕ್ಷೆ ಅವನ ಮಗನ ಕಾಲಕ್ಕೆ ಮುಂದೂಡಲ್ಪಟ್ಟಿತು. ಈಜೆಬೆಲಿಗೆ ಮಾತ್ರ ಇಜ್ರೇಲಿನ ಗೋಡೆಯ ಬಳಿ ನಾಯಿಗಳು ತಿನ್ನುತ್ತವೆ ಅನ್ನೋ ಶಾಪ ಹಾಗೇ ಉಳಿಯಿತು.

ಇಜ್ರೇಲ್ ಇವತ್ತಿಗೂ ಒಂದು ದಿಬ್ಬ, ಉತ್ತರ ಇಸ್ರೇಲ್‌ನಲ್ಲಿದೆ. ಇತ್ತೀಚಿನ ಉತ್ಖನನದಲ್ಲಿ ಬಂಡೆಯಲ್ಲಿ ಕೊರೆದ, ದ್ರಾಕ್ಷಿ ತುಳಿದು ರಸ ತೆಗೆಯೋ ಜಾಗವೊಂದು ಸಿಕ್ಕಿದೆ. ಪತ್ರಿಕೆಗಳು ನಾಬೋತನ ತೋಟ ಸಿಕ್ತು ಅಂತ ಸಂಭ್ರಮಪಟ್ಟವು. ಅದು ನಾಬೋತನದ್ದೇ ಅಂತ ಹೇಳೋಕೆ ಆಧಾರ ಇಲ್ಲ, ಆ ಮಣ್ಣಿನಲ್ಲಿ ದ್ರಾಕ್ಷಿ ಬೆಳೆಯುತ್ತಿತ್ತು ಅನ್ನೋದಕ್ಕೆ ಇದೆ. ಹಾಗೆಯೇ ಆಕೆಯದ್ದು ಅಂತ ಹೇಳುವ ಒಂದು ಮುದ್ರೆಯೂ ಇದೆ. 1964ರಲ್ಲಿ ನಹ್ಮಾನ್ ಅವಿಗಾದ್ ಅನ್ನೋ ಪುರಾತತ್ವಜ್ಞ ಪ್ರಕಟಿಸಿದ್ದು. ಕೆಲವು ವಿದ್ವಾಂಸರು ಅದು ರಾಣಿಯದ್ದೇ ಅಂತಾರೆ. ತೊಂದರೆ ಏನಂದ್ರೆ ಅದು ಯಾವ ಉತ್ಖನನದಲ್ಲೂ ಸಿಕ್ಕಿದ್ದಲ್ಲ, ಹೆಸರಿನ ಮೊದಲ ಅಕ್ಷರ ಇರಬೇಕಾದ ಕಡೆ ಕಲ್ಲು ಮುರಿದಿದೆ. ಮುದ್ರೆಯಿಂದ ಹೆಸರು ಕೆಡಿಸಿಕೊಂಡವಳ ಮುದ್ರೆ ಸಿಗಲಿ ಅಂತ ನಮಗೆಲ್ಲ ಆಸೆ, ಅಷ್ಟೇ.

ಹಾಗಾದರೆ ಈ ಬಣ್ಣ, ಈ ವ್ಯಭಿಚಾರ ಎಲ್ಲಿಂದ ಬಂತು? ಎರಡು ಸಾಲುಗಳಿಂದ. ಎರಡೂ ಎರಡನೇ ಅರಸುಗಳು 9ನೇ ಅಧ್ಯಾಯದಲ್ಲಿವೆ.

ಅಹಾಬ ಸತ್ತು ವರ್ಷಗಳಾಗಿವೆ. ಮಗ ಯೋರಾಮ ರಾಜ. ಸೇನಾಧಿಪತಿ ಯೇಹು ದಂಗೆ ಎದ್ದು ರಥ ಓಡಿಸಿಕೊಂಡು ಇಜ್ರೇಲಿಗೆ ಬರ್ತಾನೆ. ಯೋರಾಮ ಅವನನ್ನು ಎದುರುಗೊಂಡದ್ದು ನಾಬೋತನ ಹೊಲದಲ್ಲೇ. ಶುಭವೋ ಅಂತ ಕೇಳಿದ. ಅದಕ್ಕೆ ಯೇಹು, ನಿನ್ನ ತಾಯಿಯ ಹಾದರ, ಮಾಟ ಮಂತ್ರ ಇಷ್ಟಿರುವಾಗ ಎಲ್ಲಿಯ ಶುಭ ಅನ್ನುವ ಅರ್ಥದ ಮಾತು ಹೇಳಿ ಬಾಣ ಬಿಟ್ಟ. ಇಡೀ ಅರಸುಗಳು ಗ್ರಂಥದಲ್ಲಿ ಈಜೆಬೆಲಿಗೆ ಆ ಬೈಗುಳ ಬರೋದು ಇದೊಂದೇ ಕಡೆ. ಅದನ್ನು ಹೇಳಿದ್ದು ಆಕೆಯ ಮಗನನ್ನು ಕೊಲ್ಲುತ್ತಿರುವವನು. ತಾಯಿ ಎತ್ತಿ ಬೈಯೋದು, ಬೈದು ಹೊಡೆಯೋದು, ನಮಗೆ ಗೊತ್ತಿಲ್ಲದ್ದೇನಲ್ಲ. ಅದೂ ಅಲ್ಲದೆ ಹೋಶೇಯ, ಯೆರೆಮೀಯ, ಯೆಹೆಜ್ಕೇಲ ಮುಂತಾದ ಪ್ರವಾದಿಗಳ ಮಾತಿನಲ್ಲಿ ಹಾದರ ಅಂದ್ರೆ ಬೇರೆ ದೇವರಿಗೆ ಕೈ ಮುಗಿಯೋದು. ಅವರು ಇಡೀ ದೇಶವನ್ನೇ, ಗಂಡಸರನ್ನೂ ಸೇರಿಸಿ, ಹಾದರಗಿತ್ತಿ ಅಂತ ಕರೆದಿದ್ದಾರೆ. ರೂಪಕ ಅನ್ನೋದು ಹೆಂಗಸಿನ ಹೆಸರಿನ ಪಕ್ಕ ಬಂದ ತಕ್ಷಣ ಜನ ಅದನ್ನು ಸುದ್ದಿ ಅಂತ ಓದಿಕೊಂಡರು.

ಎರಡನೇ ಸಾಲು ಕಾಡಿಗೆಯದ್ದು. ಮಗ ಸತ್ತ ಸುದ್ದಿ ಬಂತು, ಕೊಂದವನು ಊರೊಳಗೆ ಬರ್ತಿದ್ದಾನೆ. ಈಜೆಬೆಲ್ ಕಣ್ಣಿಗೆ ಕಾಡಿಗೆ ಹಚ್ಚಿ, ತಲೆ ಅಲಂಕಾರ ಮಾಡಿಕೊಂಡು ಕಿಟಕಿ ಹತ್ತಿರ ಬಂದು ನಿಂತಳು. ನೂರಾರು ವರ್ಷ ಓದುಗರು ಇದನ್ನು ಯೇಹುವನ್ನು ಮರುಳು ಮಾಡೋ ಪ್ರಯತ್ನ ಅಂತ ಓದಿದರು. ಆದರೆ ಆಮೇಲೆ ಆಕೆ ಬಾಯಿಬಿಟ್ಟು ಹೇಳಿದ್ದೇನು? ಅವನನ್ನು ಜಿಮ್ರಿ ಅಂತ ಕರೆದಳು, ಒಡೆಯನನ್ನು ಕೊಂದವನೇ ಅಂದಳು. ಜಿಮ್ರಿ ಅನ್ನೋನು ಹಿಂದೆ ತನ್ನ ರಾಜನನ್ನು ಕೊಂದು ಸಿಂಹಾಸನ ಏರಿದ ಸೇನಾನಿ, ಆಳಿದ್ದು ಏಳೇ ದಿನ. ಇದು ಮರುಳು ಮಾಡೋ ಮಾತಾ? ಆ ಹೊತ್ತಿಗೆ ಆಕೆ ರಾಜಮಾತೆ, ಮೊಮ್ಮಕ್ಕಳಿರುವ ವಯಸ್ಸೂ ಆಗಿರಬೇಕು. ಸಾವು ಬಾಗಿಲಿಗೆ ಬಂದಿದೆ ಅಂತ ಗೊತ್ತಿದ್ದು ರಾಣಿಯ ಹಾಗೆ ಸಿಂಗರಿಸಿಕೊಂಡು, ಕೊಲೆಗಾರನಿಗೆ ಎದುರುತ್ತರ ಕೊಟ್ಟು ಸತ್ತಳು. ಇದು ಇವತ್ತಿನ ಬಹಳ ವಿದ್ವಾಂಸರು ಒಪ್ಪುವ ಓದು. ನನಗೂ ಹಾಗೇ ಕಾಣುತ್ತೆ.

ಅವಳದ್ದೇ ಕಂಚುಕಿಗಳು, ಎರಡು ಮೂರು ಜನ, ಯೇಹು ಕೂಗಿದ ಕೂಡಲೇ ಆಕೆಯನ್ನು ಕಿಟಕಿಯಿಂದ ಕೆಳಗೆ ತಳ್ಳಿದರು. ಯೇಹು ಒಳಗೆ ಹೋಗಿ ಊಟ ಮಾಡಿದ. ಊಟ ಆದ ಮೇಲೆ ನೆನಪಾಯ್ತು, ಎಷ್ಟಾದರೂ ರಾಜನ ಮಗಳು, ಹೂಳಿಬಿಡಿ ಅಂದ. ಹೋಗಿ ನೋಡಿದರೆ ತಲೆಬುರುಡೆ, ಪಾದ, ಅಂಗೈ ಬಿಟ್ಟು ಏನೂ ಉಳಿದಿರಲಿಲ್ಲ.

ಈ ಅಂಗೈ ಪಾದಗಳ ಬಗ್ಗೆ ಯೆಹೂದಿ ಪರಂಪರೆಯಲ್ಲಿ ಒಂದು ಮಾತಿದೆ, ನನಗೆ ಬಹಳ ಇಷ್ಟವಾದದ್ದು. ಪಿರ್ಕೆ ದೆ ರಬ್ಬಿ ಎಲಿಯೆಜರ್ ಅನ್ನೋ ಹಳೆಯ ಗ್ರಂಥದ ಪ್ರಕಾರ ಈಜೆಬೆಲಳ ಮನೆ ಪೇಟೆ ಬೀದಿಯ ಹತ್ತಿರ ಇತ್ತು. ಬೀದಿಯಲ್ಲಿ ಹೆಣ ಹೋದರೆ ಆಕೆ ಹೊರಗೆ ಬಂದು, ಅಂಗೈ ತಟ್ಟಿ ಅತ್ತು, ಹತ್ತು ಹೆಜ್ಜೆ ಜೊತೆಗೆ ನಡೆಯುತ್ತಿದ್ದಳಂತೆ. ಮದುಮಗನ ಮೆರವಣಿಗೆ ಬಂದರೆ ಹೊರಗೆ ಬಂದು ಚಪ್ಪಾಳೆ ಹೊಡೆದು, ಹರಸಿ, ಹತ್ತು ಹೆಜ್ಜೆ ನಡೆಯುತ್ತಿದ್ದಳಂತೆ. ಅದಕ್ಕೇ ನಾಯಿಗಳು ಆ ಕೈ, ಆ ಪಾದ, ಆ ತಲೆ ಮುಟ್ಟಲಿಲ್ಲ ಅನ್ನುತ್ತದೆ ಗ್ರಂಥ. ಅದೇ ಪರಂಪರೆಯ ತಾಲ್ಮೂದಿನಲ್ಲಿ ಉಲ್ಟಾ ಕಥೆಯೂ ಇದೆ: ಗಂಡನ ಕಾಮ ಕೆರಳಿಸಲು ಅವನ ರಥದ ಮೇಲೆ ವೇಶ್ಯೆಯರ ಚಿತ್ರ ಬರೆಸಿದಳು ಅಂತ. ಒಂದೇ ಮನೆಯ ಇಬ್ಬರು ಅಜ್ಜಂದಿರು ಒಬ್ಬಳೇ ಹೆಂಗಸಿನ ಬಗ್ಗೆ ಎರಡು ಕಥೆ ಹೇಳಿದ ಹಾಗೆ. ಪೇಟೆಗೆ ತಲುಪಿದ್ದು ರಥದ ಕಥೆಯಂಥದ್ದೇ ಹೊರತು ಚಪ್ಪಾಳೆಯ ಕಥೆ ಅಲ್ಲ.

ಹೆಸರಿನ ಮೇಲೂ ಕೈಯಾಡಿಸಿದ್ದಾರೆ ಅನ್ನೋದು ವಿದ್ವಾಂಸರ ಅನುಮಾನ. ಮೂಲ ಹೆಸರಿನಲ್ಲಿ ಜೆಬುಲ್, ಅಂದ್ರೆ ಘನವಂತ, ಬಾಳ ದೇವರ ಬಿರುದು, ಇದ್ದಿರಬೇಕು. ಹೀಬ್ರೂ ಬರೆದವರು ಸ್ವರ ಸ್ವಲ್ಪ ತಿರುಚಿದರು, ಈಗ ಕೇಳಿದರೆ ಗೊಬ್ಬರ ಅನ್ನೋ ಪದದ ಧ್ವನಿ ಬರುತ್ತೆ. ಆಕೆಯ ಹೆಣ ಹೊಲದ ಗೊಬ್ಬರವಾಗುತ್ತೆ ಅಂತ ಅದೇ 9ನೇ ಅಧ್ಯಾಯದ ಕೊನೆಯಲ್ಲಿ ಬರುವುದು ಕಾಕತಾಳೀಯ ಇರಲಿಕ್ಕಿಲ್ಲ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಈ ಹೆಸರು ಇನ್ನೊಮ್ಮೆ ಬರುತ್ತೆ, ಕೊನೆಯ ಪುಸ್ತಕ ಪ್ರಕಟನೆಯಲ್ಲಿ. ಥುವತೈರ ಅನ್ನೋ ಊರಿನ ಸಭೆಯಲ್ಲಿ ತಾನು ಪ್ರವಾದಿನಿ ಅಂತ ಹೇಳಿಕೊಂಡು ಬೋಧಿಸುತ್ತಿದ್ದ ಒಬ್ಬ ಹೆಂಗಸನ್ನು ಲೇಖಕ ಈಜೆಬೆಲ್ ಅಂತ ಕರೆದು, ಜಾರತ್ವ ಕಲಿಸುತ್ತಾಳೆ ಅಂತ ಬೈಯುತ್ತಾನೆ. ಅಷ್ಟೊತ್ತಿಗೆ ಹೆಸರು ಬೈಗುಳ ಆಗಿಹೋಗಿತ್ತು ಅಂತ ಅರ್ಥ. ಪಾಪ, ಆ ಪ್ರವಾದಿನಿಯ ನಿಜವಾದ ಹೆಸರು ಏನೋ, ಬೈಗುಳದ ಕೆಳಗೆ ಹೂತುಹೋಯಿತು. ಅಲ್ಲಿಂದ ಈ ಹೆಸರು ಎಲ್ಲೆಲ್ಲಿಗೋ ಹೋಯಿತು. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ ಕಪ್ಪು ಹೆಣ್ಣುಮಕ್ಕಳು ಹುಟ್ಟಾ ಕಾಮುಕಿಯರು ಅನ್ನೋ ಸುಳ್ಳಿಗೆ ಜೆಜೆಬೆಲ್ ಅಂತಲೇ ಹೆಸರಾಯ್ತು. ಮಾಲೀಕ ಬಲಾತ್ಕಾರ ಮಾಡಿದರೂ ತಪ್ಪು ಅವಳದ್ದೇ ಅನ್ನೋಕೆ ಆ ಒಂದು ಪದ ಸಾಕಾಗುತ್ತಿತ್ತು. 1938ರಲ್ಲಿ ಹಾಲಿವುಡ್ ಇದೇ ಹೆಸರಿನ ಸಿನಿಮಾ ಮಾಡಿತು, ನಟಿ ಬೆಟ್ಟಿ ಡೇವಿಸ್‌ಗೆ ಆಸ್ಕರ್ ಬಂತು. ಕಥೆಯಲ್ಲಿ ನಾಯಕಿಯ ದೊಡ್ಡ ಅಪರಾಧ, ಮದುವೆಯಾಗದ ಹುಡುಗಿಯರು ಬಿಳಿ ಉಡುಪು ಹಾಕಬೇಕಾದ ಕೂಟಕ್ಕೆ ಕೆಂಪು ಗೌನು ಹಾಕಿಕೊಂಡು ಹೋದದ್ದು. ನಾಬೋತನಿಂದ ಕೆಂಪು ಗೌನಿಗೆ ಬಂದು ನಿಂತಿತು ನೋಡಿ.

ಇನ್ನು ಯೇಹು? ಅವನೂ ಪತ್ರ ಬರೆದ. ಈಜೆಬೆಲ್ ಸತ್ತ ಮೇಲೆ ಸಮಾರ್ಯದ ಅಧಿಕಾರಿಗಳಿಗೆ ಹಿರಿಯರಿಗೆ ಪತ್ರ ಕಳಿಸಿ, ಅಹಾಬನ ಮನೆಯ 70 ಗಂಡುಮಕ್ಕಳ ತಲೆ ಕೇಳಿದ. ಅವರು ಬುಟ್ಟಿಗಳಲ್ಲಿ ತುಂಬಿ ಕಳಿಸಿದರು. ಅದೇ ಉಪಾಯ, ಪತ್ರ ಬರೆದು ಊರಿನ ದೊಡ್ಡವರ ಕೈಯಿಂದ ಕೊಲ್ಲಿಸೋದು. ಮುಂದೆ ಪ್ರವಾದಿ ಹೋಶೇಯನೇ ಇಜ್ರೇಲಿನ ರಕ್ತದ ಲೆಕ್ಕ ಯೇಹುವಿನ ಮನೆತನದಿಂದ ವಸೂಲಾಗುತ್ತೆ ಅಂದಿದ್ದಾನೆ. ಇಂಗ್ಲಿಷ್‌ನಲ್ಲಿ ಅವನ ಹೆಸರೂ ಒಂದು ಪದ ಆಯ್ತು. ಜೇಹು ಅಂದ್ರೆ ಗಾಡಿ ಜೋರಾಗಿ ಓಡಿಸುವವನು! ಯಾಕಂದ್ರೆ ಅವನು ರಥ ಹುಚ್ಚುಹುಚ್ಚಾಗಿ ಓಡಿಸ್ತಿದ್ದ ಅಂತ ಗ್ರಂಥದಲ್ಲಿದೆ. ಎಪ್ಪತ್ತು ತಲೆ ತೆಗೆಸಿದವನು ಗಾಡಿ ಹೊಡೆಯೋನಾದ, ಕಾಡಿಗೆ ಹಚ್ಚಿದವಳು ವೇಶ್ಯೆಯಾದಳು.

ಬೇರೆಯವರ ಗತಿಯೂ ಹೆಚ್ಚುಕಡಿಮೆ ಹೀಗೇ. ಬತ್ಷೆಬೆಯನ್ನೇ ತಗೊಳ್ಳಿ. ಮಾಳಿಗೆ ಮೇಲೆ ಸ್ನಾನ ಮಾಡಿ ರಾಜ ದಾವೀದನನ್ನು ಸೆಳೆದಳು ಅಂತ ಎಷ್ಟೋ ಜನ ನಂಬಿದ್ದಾರೆ, ಚಿತ್ರಕಾರರು ಹಾಗೇ ಬರೆದಿದ್ದಾರೆ. ಗ್ರಂಥದಲ್ಲಿ ಮಾಳಿಗೆ ಮೇಲೆ ಇದ್ದದ್ದು ದಾವೀದ. ಆಳುಗಳನ್ನು ಕಳಿಸಿ ಕರೆಸಿಕೊಂಡವನೂ ಅವನೇ. ಆಮೇಲೆ ಆಕೆಯ ಗಂಡನನ್ನು ಯುದ್ಧದಲ್ಲಿ ಸಾಯೋ ಜಾಗಕ್ಕೆ ಹಾಕಿಸಿದವನೂ ಅವನೇ. ಪ್ರವಾದಿ ನಾತಾನ ಬಂದು ಬೈದದ್ದು ದಾವೀದನಿಗೆ, ಬತ್ಷೆಬೆಗೆ ಒಂದು ಮಾತೂ ಇಲ್ಲ. ಸಂಸೋನನ ದೆಲೀಲಳನ್ನು ವೇಶ್ಯೆ ಅಂತಾರೆ, ಗ್ರಂಥ ಅನ್ನಲ್ಲ. ಅಲ್ಲಿ ಆಕೆ ದುಡ್ಡು ತಗೊಂಡು ದ್ರೋಹ ಮಾಡಿದವಳು. ಒಬ್ಬೊಬ್ಬ ಫಿಲಿಷ್ಟಿಯ ಪ್ರಭುವಿನಿಂದ 1,100 ಬೆಳ್ಳಿ ನಾಣ್ಯ. ದ್ರೋಹ ದೊಡ್ಡ ತಪ್ಪೇ. ಆದರೆ ಆ ತಪ್ಪು ಹೆಂಗಸಿಗೆ ಸಾಲದು ಅನ್ನಿಸಿರಬೇಕು.

ಆದರೆ ಇವರೆಲ್ಲರಿಗಿಂತ ದೊಡ್ಡ ಅನ್ಯಾಯ ಆದದ್ದು ಮಗ್ದಲದ ಮರಿಯಳಿಗೆ. ಈಜೆಬೆಲ್ ವಿಷಯದಲ್ಲಿ ಒಂದು ಅಪರಾಧದ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರು. ಮರಿಯಳ ಮೇಲೆ ಅಪರಾಧವೇ ಇರಲಿಲ್ಲ.

ಮಗ್ದಲ ಅಂದ್ರೆ ಗಲಿಲಾಯ ಸರೋವರದ ದಡದ ಊರು, ಮೀನಿಗೆ ಉಪ್ಪು ಹಾಕಿ ಮಾರುವ ಊರು. 2009ರಲ್ಲಿ ಅಲ್ಲಿ ಯೇಸುವಿನ ಕಾಲದ ಒಂದು ಸಭಾಮಂದಿರ ನೆಲದಡಿಯಿಂದ ಸಿಕ್ಕಿತು. ಮರಿಯಳ ಬಗ್ಗೆ ಸುವಾರ್ತೆಗಳು ಹೇಳೋದು ಇಷ್ಟು. ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು. ಯೇಸು ಮತ್ತು ಶಿಷ್ಯರ ಖರ್ಚಿಗೆ ತಮ್ಮ ಕೈಯಿಂದ ದುಡ್ಡು ಕೊಟ್ಟ ಹೆಂಗಸರಲ್ಲಿ ಒಬ್ಬಳು. ಶಿಷ್ಯರು ಓಡಿಹೋದಾಗ ಶಿಲುಬೆಯ ಹತ್ತಿರ ಇದ್ದವಳು. ಭಾನುವಾರ ಬೆಳಿಗ್ಗೆ ಸಮಾಧಿಗೆ ಹೋದವಳು. ಯೋಹಾನನ ಪ್ರಕಾರ ಎದ್ದುಬಂದ ಯೇಸುವನ್ನು ಮೊದಲು ನೋಡಿದವಳು, ತೋಟದವನು ಅಂದುಕೊಂಡು ಮಾತಾಡಿಸಿದವಳು, ಆಮೇಲೆ ಗಂಡಸರಿಗೆ ಹೋಗಿ ಸುದ್ದಿ ಹೇಳಿದವಳು. ಇನ್ನು ಆ ಏಳು ದೆವ್ವ? ಸುವಾರ್ತೆಗಳಲ್ಲಿ ದೆವ್ವ ಹಿಡಿದವರು ಮೂಗರು, ಮೂರ್ಛೆ ಬರುವ ಹುಡುಗರು, ಅಂದ್ರೆ ಕಾಯಿಲೆಯವರು. ಪಾಪಿಗಳು ಅಂತಲ್ಲ.

ಎಡವಟ್ಟು ಆದದ್ದು ಹೀಗೆ. ಲೂಕನ 7ನೇ ಅಧ್ಯಾಯದ ಕೊನೆಯಲ್ಲಿ ಊರಲ್ಲಿ ಪಾಪಿ ಅನ್ನಿಸಿಕೊಂಡ ಹೆಸರಿಲ್ಲದ ಹೆಂಗಸೊಬ್ಬಳು ಬಂದು ಯೇಸುವಿನ ಪಾದಕ್ಕೆ ಸುಗಂಧ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ. 8ನೇ ಅಧ್ಯಾಯದ ಶುರುವಿನಲ್ಲಿ ಮಗ್ದಲದ ಮರಿಯಳ ಹೆಸರು ಮೊದಲ ಸಲ ಬರುತ್ತೆ. ಇತ್ತ ಯೋಹಾನನಲ್ಲಿ ಬೇಥಾನ್ಯದ ಮರಿಯಳು, ಇವಳು ಬೇರೆ, ಅವಳೂ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ. ಮರಿಯ ಅನ್ನೋದು ಆಗ ಮನೆಗೊಂದು ಇದ್ದಂಥ ಹೆಸರು. ಕ್ರಿಸ್ತಶಕ 591ರಲ್ಲಿ ರೋಮಿನ ಪೋಪ್ ಮೊದಲನೇ ಗ್ರೆಗೊರಿ ಒಂದು ಪ್ರಸಂಗದಲ್ಲಿ ಈ ಮೂವರನ್ನೂ ಒಬ್ಬಳೇ ಅಂತ ಸೇರಿಸಿಬಿಟ್ಟರು. ಏಳು ದೆವ್ವ ಅಂದ್ರೆ ಎಲ್ಲ ದುರ್ಗುಣಗಳು, ತೈಲ ಅಂದ್ರೆ ಹಿಂದೆ ಆಕೆ ಕೆಟ್ಟ ಕೆಲಸಕ್ಕೆ ಮೈಗೆ ಪೂಸಿಕೊಳ್ಳುತ್ತಿದ್ದದ್ದು ಅಂತ ವಿವರಿಸಿದರು. ಗ್ರೆಗೊರಿಯ ಉದ್ದೇಶ ಕೆಟ್ಟದ್ದಿರಲಿಲ್ಲ ಅನ್ನಿ. ಪ್ಲೇಗು ಬಂದು ಹೋದ ಊರು, ಜನ ಹೆದರಿದ್ದರು, ಎಂಥ ಪಾಪಿಗೂ ದಾರಿ ಇದೆ ಅಂತ ಹೇಳಬೇಕಿತ್ತು. ಆದರೆ ಆ ದಾರಿ ತೋರಿಸೋಕೆ ಇನ್ನೊಬ್ಬಳ ಹೆಸರು ಖರ್ಚಾಯ್ತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮೂವರನ್ನು ಒಂದು ಮಾಡಲಿಲ್ಲ, ಅಲ್ಲಿ ಮರಿಯಳಿಗೆ ಈ ಹೆಸರು ಬರಲಿಲ್ಲ. ಪಶ್ಚಿಮದಲ್ಲಿ 16ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವಿದ್ವಾಂಸ ಜಾಕ್ ಲೆಫೆವ್ರ್ ಇವರು ಬೇರೆ ಬೇರೆ ಹೆಂಗಸರು ಅಂತ ಬರೆದಾಗ ಪ್ಯಾರಿಸ್ಸಿನ ಧರ್ಮಪಂಡಿತರು 1521ರಲ್ಲಿ ಆ ವಾದವನ್ನೇ ಖಂಡಿಸಿದರು.

ಹೆಸರು ತಾನೇ, ಏನಾಯ್ತು ಅನ್ನಬಹುದು. ಐರ್ಲೆಂಡಿಗೆ ಹೋಗೋಣ.

ದಾರಿ ತಪ್ಪಿದ ಹೆಂಗಸರು ಪ್ರಾಯಶ್ಚಿತ್ತ ಮಾಡಿಕೊಳ್ಳೋ ಮನೆಗಳಿಗೆ ಯುರೋಪಿನಲ್ಲಿ ಮಗ್ದಲೇನಳ ಹೆಸರಿಡುವ ರೂಢಿ ಬಂತು. ಲಂಡನ್ನಿನಲ್ಲಿ 1758ರಲ್ಲಿ ಒಂದು, ಡಬ್ಲಿನ್ನಿನಲ್ಲಿ 1767ರಲ್ಲಿ ಒಂದು. ಐರ್ಲೆಂಡಿನಲ್ಲಿ ಇವು ಬರಬರುತ್ತಾ ಸನ್ಯಾಸಿನಿಯರು ನಡೆಸುವ ದೊಡ್ಡ ಬಟ್ಟೆ ಒಗೆಯುವ ಕಾರ್ಖಾನೆಗಳಾದವು, ಮಗ್ದಲೇನ್ ಲಾಂಡ್ರಿಗಳು ಅಂತ. ಮದುವೆಯಾಗದೆ ತಾಯಿಯಾದವರು, ಅನಾಥಾಲಯದಲ್ಲಿ ಬೆಳೆದ ಹುಡುಗಿಯರು, ಸಣ್ಣ ಕಳ್ಳತನಕ್ಕೆ ಸಿಕ್ಕಿಬಿದ್ದವರು, ಮನೆಯವರಿಗೆ ಭಾರ ಅನ್ನಿಸಿದವರು, ಎಲ್ಲರನ್ನೂ ಅಲ್ಲಿಗೆ ಹಾಕುತ್ತಿದ್ದರು. ಸಂಬಳ ಇಲ್ಲ. ಬಾಗಿಲಿಗೆ ಬೀಗ. ಎಷ್ಟೋ ಕಡೆ ಅವರ ಹೆಸರನ್ನೂ ತೆಗೆದು ಬೇರೆ ಹೆಸರು ಕೊಡುತ್ತಿದ್ದರು. ಕೆಲವರು ಕೆಲವು ತಿಂಗಳಲ್ಲಿ ಹೊರಬಂದರು, ಕೆಲವರು ಸಾಯುವವರೆಗೂ ಅಲ್ಲೇ ಇದ್ದರು.

1993ರಲ್ಲಿ ಡಬ್ಲಿನ್ನಿನಲ್ಲಿ ಇಂಥ ಒಂದು ಲಾಂಡ್ರಿಯ ಜಾಗ ಮಾರಾಟವಾಯ್ತು. ಅಲ್ಲಿದ್ದ ಸ್ಮಶಾನ ಅಗೆದು ಬೇರೆ ಕಡೆಗೆ ಸಾಗಿಸುವಾಗ ಲೆಕ್ಕದಲ್ಲಿ ಇದ್ದದ್ದು 133, ಸಿಕ್ಕಿದ್ದು 155 ಹೆಂಗಸರ ಅವಶೇಷ. ಹಲವರ ಮರಣಪತ್ರವೇ ಇರಲಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಅಂದ್ರೆ ಈ ಸಂಚಿಕೆ ಕೇಳ್ತಿರೋ ಬಹುಪಾಲು ಜನರ ಜೀವಿತಕಾಲದಲ್ಲೇ. 2013ರ ಸರ್ಕಾರಿ ವರದಿ, 1922ರಿಂದ ಸುಮಾರು 10,000 ಹೆಣ್ಣುಮಕ್ಕಳು ಈ ಲಾಂಡ್ರಿಗಳಿಗೆ ಹೋದರು ಅಂತ ಲೆಕ್ಕ ಕೊಟ್ಟಿತು. ಅವರಲ್ಲಿ ಕಾಲು ಭಾಗದಷ್ಟು ಜನರನ್ನು ಕಳಿಸುವುದರಲ್ಲಿ ಸರ್ಕಾರದ ಕೈಯೇ ಇತ್ತು. ಆ ವರ್ಷದ ಫೆಬ್ರವರಿಯಲ್ಲಿ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಇದಕ್ಕೆಲ್ಲ ಒಂದು ಹಳೆಯ ಪ್ರಸಂಗವೇ ಕಾರಣ ಅಂತ ನಾನು ಹೇಳಲ್ಲ. ಬಡತನ, ಮರ್ಯಾದೆಯ ಭಯ, ಸರ್ಕಾರದ ಅನುಕೂಲ ಎಲ್ಲ ಸೇರಿದ್ದವು. ಆದರೆ ಬಾಗಿಲ ಮೇಲೆ ಬರೆಯೋಕೆ ಒಂದು ಹೆಸರು ಬೇಕಿತ್ತು, ಅದು ಸಿದ್ಧವಾಗಿತ್ತು.

ತಿದ್ದುಪಡಿ ನಿಧಾನವಾಗಿ ಬಂತು. 1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗ ಪರಿಷ್ಕರಿಸಿದಾಗ ಮರಿಯಳ ದಿನಕ್ಕೆ ಪಾಪಿ ಹೆಂಗಸಿನ ಕಥೆ ಓದುವುದು ನಿಂತಿತು, ಸಮಾಧಿಯ ತೋಟದ ಕಥೆ ಬಂತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ದಿನವನ್ನು, ಅಂದ್ರೆ ಜುಲೈ 22ನ್ನು, ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಿದರು. ಅಪೊಸ್ತಲರಿಗೆ ಅಪೊಸ್ತಲೆ ಅನ್ನೋ ಹಳೆಯ ಬಿರುದು ಮತ್ತೆ ಕೇಳಿಬಂತು. ಪಂಚಾಂಗ ಬದಲಾದಷ್ಟು ಬೇಗ ಸಿನಿಮಾ ಬದಲಾಗಲ್ಲ. 2004ರಲ್ಲಿ ಮೆಲ್ ಗಿಬ್ಸನ್ ತೆಗೆದ ಯೇಸುವಿನ ಸಿನಿಮಾದಲ್ಲೂ ಕಲ್ಲೇಟಿನಿಂದ ತಪ್ಪಿಸಿಕೊಂಡ ವ್ಯಭಿಚಾರಿಣಿ ಮತ್ತು ಮಗ್ದಲದ ಮರಿಯ ಒಬ್ಬಳೇ. ಗ್ರೆಗೊರಿಯೂ ಇವಳನ್ನು ಸೇರಿಸಿರಲಿಲ್ಲ! ಇದು ನಾಲ್ಕನೆಯವಳು.

ಈಜೆಬೆಲಿಗೆ ಯಾರೂ ಹಬ್ಬ ಮಾಡಬೇಕಿಲ್ಲ. ನಾಬೋತನ ರಕ್ತ ಆಕೆಯ ಕೈ ಮೇಲಿದೆ. ಆದರೆ ಒಂದು ಅರ್ಧ ಗಂಟೆ ಬಿಡುವಿದ್ದರೆ ಒಂದನೇ ಅರಸುಗಳು 21 ಮತ್ತು ಎರಡನೇ ಅರಸುಗಳು 9, ಈ ಎರಡು ಅಧ್ಯಾಯ ಓದಿ. ಕನ್ನಡ ಬೈಬಲ್ ಆನ್‌ಲೈನ್‌ನಲ್ಲೇ ಸಿಗುತ್ತೆ. ಓದುವಾಗ ಪತ್ರ ಯಾರ ಹೆಸರಲ್ಲಿ ಹೋಯ್ತು, ಯಾರ ಕೈಗೆ ಸಿಕ್ಕಿತು, ಸಿಕ್ಕಿದವರು ಏನು ಮಾಡಿದರು ಅನ್ನೋದನ್ನು ಬೆರಳಿಟ್ಟು ನೋಡಿ.